ಹಾಸನ ಜಿಲ್ಲೆಯ ಹವಾಮಾನ ಮತ್ತು ಜನಜೀವನ

ಹಾಸನ ಜಿಲ್ಲೆಯ ಹವಾಮಾನವು ಕರ್ನಾಟಕದ ಮಲೆನಾಡು ಮತ್ತು ಬಯಲುಸೀಮೆಗಳ ನಡುವಿನ ಪರಿವರ್ತನಾ ವಲಯದ ಹವಾಮಾನವಾಗಿದೆ. ಜಿಲ್ಲೆಯು ಉಷ್ಣವಲಯದಲ್ಲಿದ್ದರೂ ಸಮುದ್ರಮಟ್ಟದಿಂದ ಸಾಕಷ್ಟು ಎತ್ತರದಲ್ಲಿರುವುದರಿಂದ ಇಲ್ಲಿನ ಹವೆ ವರ್ಷದ ಬಹುಭಾಗ ಹಿತಕರವಾಗಿರುತ್ತದೆ. ಇದೇ ಕಾರಣದಿಂದ ಹಾಸನಕ್ಕೆ ‘ಬಡವರ ಊಟಿ’ ಎಂಬ ಹೆಸರು ಬಂದಿದೆ. ಕಡುಬಿಸಿಲು ಮತ್ತು ಅತಿಯಾದ ತೇವ ಒಂದೇ ತಿಂಗಳಲ್ಲಿ ಕೂಡಿ ಬಾರದಿರುವುದು ಈ ಹಿತಕ್ಕೆ ಮುಖ್ಯ ಕಾರಣ. ಬಿಸಿಲು ಹೆಚ್ಚಿರುವಾಗ ಗಾಳಿ ಒಣಗಿರುತ್ತದೆ. ಗಾಳಿ ತೇವಗೊಂಡಾಗ ಮೋಡ ಮತ್ತು ಮಳೆ ನೆಲವನ್ನು ತಂಪಾಗಿಸಿರುತ್ತವೆ. ಈ ಲೇಖನವು ಮುಖ್ಯವಾಗಿ ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಹವಾಮಾನವನ್ನೂ ಅದು ಜನಜೀವನದ ಮೇಲೆ ಬೀರುವ ಪರಿಣಾಮವನ್ನೂ ಕುರಿತದ್ದಾಗಿದೆ.

ಭೌಗೋಳಿಕ ಹಿನ್ನೆಲೆ

ಹಾಸನ ನಗರವು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಉಳಿದ ಮೂರು ಪಟ್ಟಣಗಳೂ 800 ಮೀಟರಿಗಿಂತ ಎತ್ತರದಲ್ಲಿವೆ. ವಾತಾವರಣದಲ್ಲಿ ಪ್ರತಿ 1,000 ಮೀಟರ್ ಮೇಲೇರಿದಂತೆ ಉಷ್ಣಾಂಶವು ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಆದ್ದರಿಂದ ಹೆಚ್ಚುಕಡಿಮೆ ಇದೇ ಅಕ್ಷಾಂಶದಲ್ಲಿ, ಆದರೆ ಕಡಲತೀರದಲ್ಲಿ ಇರುವ ಮಂಗಳೂರು ಮತ್ತು ಚೆನ್ನೈಗಳಿಗಿಂತ ಹಾಸನದ ಹವೆ ಬೇರೆಯಾಗಿದೆ.

ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ ಪಶ್ಚಿಮ ಘಟ್ಟಗಳಿವೆ. ಅರಬ್ಬೀ ಸಮುದ್ರದಿಂದ ಬೀಸುವ ನೈಋತ್ಯ ಮುಂಗಾರು ತನ್ನ ತೇವದ ಹೆಚ್ಚಿನ ಪಾಲನ್ನು ಘಟ್ಟದ ಮೇಲೆಯೇ ಸುರಿಸುತ್ತದೆ. ಹೀಗಾಗಿ ಸಕಲೇಶಪುರದಲ್ಲಿ ವರ್ಷಕ್ಕೆ 2,000 ಮಿ.ಮೀ.ಗಿಂತ ಹೆಚ್ಚು ಮಳೆಯಾದರೆ, ಪೂರ್ವದ ಚನ್ನರಾಯಪಟ್ಟಣ ಮತ್ತು ಅರಸೀಕೆರೆಗಳಲ್ಲಿ ಸುಮಾರು 700 ಮಿ.ಮೀ. ಮಳೆಯಾಗುತ್ತದೆ. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಪ್ರಯಾಣಿಸುವವರು ಶಿರಾಡಿ ಘಟ್ಟ, ಸಕಲೇಶಪುರ, ಹಾಸನ ಮತ್ತು ಚನ್ನರಾಯಪಟ್ಟಣಗಳನ್ನು ದಾಟುವಷ್ಟರಲ್ಲಿ ಕರಾವಳಿ, ಮಲೆನಾಡು, ಅರೆಮಲೆನಾಡು ಮತ್ತು ಬಯಲುಸೀಮೆ ಎಂಬ ನಾಲ್ಕು ಬಗೆಯ ಹವೆಯನ್ನು ಕಾಣುತ್ತಾರೆ.

ಮೈಸೂರು ಸಂಸ್ಥಾನದಲ್ಲಿ 1890ರ ದಶಕದಲ್ಲಿ ಹವಾಮಾನದ ಕ್ರಮಬದ್ಧ ದಾಖಲಾತಿ ನಡೆಯುತ್ತಿದ್ದ ನಾಲ್ಕು ವೀಕ್ಷಣಾಲಯಗಳಲ್ಲಿ ಹಾಸನದ ವೀಕ್ಷಣಾಲಯವೂ ಒಂದು. ಉಳಿದ ಮೂರು ಬೆಂಗಳೂರು, ಮೈಸೂರು ಮತ್ತು ಚಿತ್ರದುರ್ಗಗಳಲ್ಲಿದ್ದವು.

ಬಿಸಿ, ತೇವ ಮತ್ತು ದೇಹದ ಹಿತ

ಒಂದು ಊರಿನ ಹವೆ ಹಿತವೋ ಅಹಿತವೋ ಎಂಬುದನ್ನು ಉಷ್ಣಾಂಶವೊಂದೇ ನಿರ್ಧರಿಸುವುದಿಲ್ಲ. ಮನುಷ್ಯನ ದೇಹವು ಮುಖ್ಯವಾಗಿ ಬೆವರು ಆರುವುದರಿಂದ ತಂಪಾಗುತ್ತದೆ. ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 2.4 ಕಿಲೋಜೂಲ್ ಶಾಖವನ್ನು ಚರ್ಮದಿಂದ ಒಯ್ಯುತ್ತದೆ. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಬೆವರು ಆರುವುದಿಲ್ಲ; ಮೈಯಿಂದ ಹನಿಯಾಗಿ ಇಳಿದು ವ್ಯರ್ಥವಾಗುತ್ತದೆ. ಇದನ್ನೇ ಆಡುಮಾತಿನಲ್ಲಿ ‘ಸೆಕೆ’ ಎನ್ನುತ್ತಾರೆ. ಗಾಳಿಯ ಉಷ್ಣಾಂಶ 32 ಡಿಗ್ರಿ ಇದ್ದು ಸಾಪೇಕ್ಷ ಆರ್ದ್ರತೆ ಶೇ 40ರಷ್ಟಿದ್ದರೆ ದೇಹಕ್ಕೆ ಸುಮಾರು 33 ಡಿಗ್ರಿಯ ಅನುಭವವಾಗುತ್ತದೆ. ಅದೇ ಉಷ್ಣಾಂಶದಲ್ಲಿ ಆರ್ದ್ರತೆ ಶೇ 70ಕ್ಕೆ ಏರಿದರೆ ಸುಮಾರು 40 ಡಿಗ್ರಿಯಷ್ಟು ಬಿಸಿಯ ಅನುಭವವಾಗುತ್ತದೆ.

ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕವು ತೋರಿಸುವ ಉಷ್ಣಾಂಶಕ್ಕೆ ಆರ್ದ್ರ ಬಲ್ಬ್ ಉಷ್ಣಾಂಶ ಎಂದು ಹೆಸರು. ಅದು 35 ಡಿಗ್ರಿ ಮುಟ್ಟಿದರೆ ಆರೋಗ್ಯವಂತನ ದೇಹವೂ ನೆರಳಿನಲ್ಲಿ ಕುಳಿತು ತನ್ನನ್ನು ತಂಪಾಗಿಸಿಕೊಳ್ಳಲಾರದು ಎಂಬುದು ಸೈದ್ಧಾಂತಿಕ ಮಿತಿ. ಅದಕ್ಕಿಂತ ಕಡಿಮೆ ಮಟ್ಟದಲ್ಲಿಯೇ ಶ್ರಮದ ಕೆಲಸ ಅಪಾಯಕಾರಿಯಾಗುತ್ತದೆ. ಭಾರತೀಯ ಹವಾಮಾನ ಇಲಾಖೆಯು ಬಿಸಿಗಾಳಿಯನ್ನು ಪರಿಗಣಿಸಲು ಬಯಲು ಪ್ರದೇಶಗಳಿಗೆ ಕನಿಷ್ಠ 40 ಡಿಗ್ರಿ, ಕರಾವಳಿಗೆ ಕನಿಷ್ಠ 37 ಡಿಗ್ರಿ ಎಂಬ ಬೇರೆ ಬೇರೆ ಗರಿಷ್ಠ ಉಷ್ಣಾಂಶಗಳನ್ನು ಗೊತ್ತುಪಡಿಸಿದೆ.

ಉತ್ತರ ಭಾರತದ ಲಖನೌ ಮತ್ತು ಪಟ್ನಾ ನಗರಗಳು ಉಪೋಷ್ಣವಲಯದ ತೇವಭರಿತ ಹವಾಮಾನಕ್ಕೆ ಉದಾಹರಣೆಗಳು. ಅಲ್ಲಿ ಮೇ–ಜೂನ್ ತಿಂಗಳುಗಳ ಕಡುಬಿಸಿಲಿನ ಬೆನ್ನಿಗೇ ಮುಂಗಾರಿನ ತೇವ ಬರುವುದರಿಂದ ಜುಲೈ–ಆಗಸ್ಟ್‌ನ ರಾತ್ರಿಗಳೂ ಸೆಕೆಯಿಂದ ಕೂಡಿರುತ್ತವೆ. ಚಳಿಗಾಲದಲ್ಲಿ ಮಾತ್ರ ಆ ನಗರಗಳು ಹಾಸನಕ್ಕಿಂತ ಹೆಚ್ಚು ತಣ್ಣಗಿರುತ್ತವೆ. ಮಂಗಳೂರಿನಲ್ಲಿ ಏಪ್ರಿಲ್ ತಿಂಗಳ ಹಗಲಿನ ಗರಿಷ್ಠ ಉಷ್ಣಾಂಶ ಹಾಸನದಷ್ಟೇ, ಅಂದರೆ ಸುಮಾರು 33–34 ಡಿಗ್ರಿ ಇರುತ್ತದೆ. ಆದರೆ ರಾತ್ರಿ ಮಂಗಳೂರಿನಲ್ಲಿ ಅದು 25 ಡಿಗ್ರಿಯ ಆಸುಪಾಸಿನಲ್ಲಿ ನಿಂತರೆ, ಹಾಸನದಲ್ಲಿ 20 ಡಿಗ್ರಿಯ ಸಮೀಪಕ್ಕೆ ಇಳಿಯುತ್ತದೆ. ಹಾಸನದ ಬೇಸಿಗೆ ಸಹ್ಯವಾಗುವುದು ಈ ರಾತ್ರಿಯ ತಂಪಿನಿಂದಲೇ.

ಋತುಮಾನ

ಸೂರ್ಯನು ವರ್ಷಕ್ಕೆ ಎರಡು ಬಾರಿ, ಏಪ್ರಿಲ್ 24–25ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ, ಹಾಸನದ ನೆತ್ತಿಯ ಮೇಲೆ ಬರುತ್ತಾನೆ. ಮೊದಲನೆಯದು ವರ್ಷದ ಅತಿ ಬಿಸಿಯ ಕಾಲ. ಎರಡನೆಯದು ಮೋಡ ಮುಸುಕಿದ ಮಳೆಗಾಲದ ನಡುವೆ ಬರುವುದರಿಂದ ಹಗಲಿನ ಉಷ್ಣಾಂಶ 26 ಡಿಗ್ರಿಯ ಸುಮಾರಿಗೆ ಇರುತ್ತದೆ.

* ಬೇಸಿಗೆ (ಮಾರ್ಚ್–ಮೇ): ಹಗಲು ಬಿಸಿ, ಮಧ್ಯಾಹ್ನದ ಗಾಳಿ ಒಣ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಗುಡುಗು ಸಿಡಿಲಿನೊಡನೆ ಮುಂಗಾರುಪೂರ್ವ ಮಳೆ ಸಂಜೆಯ ಹೊತ್ತು ಸುರಿಯುತ್ತದೆ. ಈ ಮಳೆಗೆ ಮುನ್ನ ಗಾಳಿ ನಿಂತು ಮೋಡ ಕವಿದ ಮಧ್ಯಾಹ್ನಗಳಲ್ಲಿ ಬಿಸಿ ಮತ್ತು ತೇವ ಕೂಡಿ ಕರಾವಳಿಯಂತಹ ಸೆಕೆ ಉಂಟಾಗುತ್ತದೆ.
* ಮಳೆಗಾಲ (ಜೂನ್–ಸೆಪ್ಟೆಂಬರ್): ಆರ್ದ್ರತೆ ಹೆಚ್ಚು, ಉಷ್ಣಾಂಶ ಕಡಿಮೆ. ಪಶ್ಚಿಮದ ಗಾಳಿಯೊಡನೆ ದಿನಗಟ್ಟಲೆ ಸೋನೆ ಮಳೆ ಹಿಡಿಯುತ್ತದೆ. ಈ ಕಾಲದ ತೊಂದರೆ ಸೆಕೆಯಲ್ಲ. ಆರದ ಬಟ್ಟೆ, ಗೋಡೆಯ ತೇವ ಮತ್ತು ಶೀತ.
* ಹಿಂಗಾರು (ಅಕ್ಟೋಬರ್–ನವೆಂಬರ್): ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳಿಂದ ಮಳೆಯಾಗುತ್ತದೆ. ಪೂರ್ವದ ತಾಲ್ಲೂಕುಗಳಿಗೆ ಇದು ಮುಖ್ಯ.
* ಚಳಿಗಾಲ (ಡಿಸೆಂಬರ್–ಫೆಬ್ರವರಿ): ಆಕಾಶ ತಿಳಿಯಾಗಿದ್ದು, ಜನವರಿಯ ರಾತ್ರಿಯ ಉಷ್ಣಾಂಶ ಸರಾಸರಿ 14 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಮುಂಜಾನೆ ಇಬ್ಬನಿ ಮತ್ತು ಮಂಜು ಸಾಮಾನ್ಯ.

ನಾಲ್ಕು ತಾಲ್ಲೂಕುಗಳ ನಡುವಿನ ವ್ಯತ್ಯಾಸ

ರಾಜ್ಯದ ಕೃಷಿ ಹವಾಮಾನ ವಲಯಗಳ ವಿಂಗಡಣೆಯಲ್ಲಿ ಹಾಸನ ಮತ್ತು ಅರಕಲಗೂಡು ತಾಲ್ಲೂಕುಗಳು ದಕ್ಷಿಣ ಪರಿವರ್ತನಾ ವಲಯಕ್ಕೂ, ಚನ್ನರಾಯಪಟ್ಟಣವು ದಕ್ಷಿಣ ಒಣ ವಲಯಕ್ಕೂ ಸೇರಿವೆ.

ಅರಕಲಗೂಡು ತಾಲ್ಲೂಕು ಕೊಡಗಿನ ಅಂಚಿಗೆ ಹೊಂದಿಕೊಂಡಿದೆ. ಕೊಣನೂರು ಮತ್ತು ರಾಮನಾಥಪುರಗಳು ಕಾವೇರಿ ತೀರದಲ್ಲಿವೆ. ಕೊಡಗಿನಲ್ಲಿ ಮಳೆ ಹೆಚ್ಚಾದಾಗ ತಮ್ಮೂರಿನಲ್ಲಿ ಅಷ್ಟು ಮಳೆಯಿಲ್ಲದಿದ್ದರೂ ಇಲ್ಲಿನ ಜನ ಪ್ರವಾಹವನ್ನು ಎದುರಿಸಬೇಕಾಗುತ್ತದೆ. 2018 ಮತ್ತು 2019ರ ಆಗಸ್ಟ್ ತಿಂಗಳಲ್ಲಿ ರಾಮನಾಥಪುರದ ನದಿತೀರದ ಭಾಗಗಳು ಜಲಾವೃತವಾಗಿದ್ದವು.

ಹೊಳೆನರಸೀಪುರವು ಹೇಮಾವತಿ ನದಿಯ ದಡದಲ್ಲಿದೆ. ಮಳೆ ಕಡಿಮೆಯಾದರೂ ನದಿ ಮತ್ತು ನಾಲೆಗಳಿಂದಾಗಿ ಪಟ್ಟಣದ ಸುತ್ತ ಭತ್ತದ ಗದ್ದೆ ಮತ್ತು ತೆಂಗಿನ ತೋಟಗಳ ಹಸಿರು ಕಾಣುತ್ತದೆ. 1979ರಲ್ಲಿ ಗೊರೂರಿನಲ್ಲಿ ಹೇಮಾವತಿ ಜಲಾಶಯ ಪೂರ್ಣಗೊಂಡ ಬಳಿಕ ನೀರಾವರಿ ಪ್ರದೇಶ ವಿಸ್ತರಿಸಿತು. ಈ ಜಲಾಶಯದ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿಯ ಹಳೆಯ ಚರ್ಚ್ ಮಳೆಗಾಲದಲ್ಲಿ ಭಾಗಶಃ ಮುಳುಗಿ ಬೇಸಿಗೆಯಲ್ಲಿ ಹೊರಕಾಣುತ್ತದೆ.

ಚನ್ನರಾಯಪಟ್ಟಣವು ನಾಲ್ಕರಲ್ಲಿ ಹೆಚ್ಚು ಒಣ ಹವೆಯುಳ್ಳದ್ದು. ಈ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಸುಮಾರು 17 ಮೀಟರ್ ಎತ್ತರದ ಗೊಮ್ಮಟೇಶ್ವರನ ಮೂರ್ತಿಯಿರುವ ವಿಂಧ್ಯಗಿರಿಯನ್ನು ಯಾತ್ರಿಕರು ಬರಿಗಾಲಿನಲ್ಲಿ ಏರುತ್ತಾರೆ. ಬೇಸಿಗೆಯ ಮಧ್ಯಾಹ್ನ ಕಾದ ಬಂಡೆಯ ಮೇಲೆ ನಡೆಯುವುದು ಕಷ್ಟವಾದ್ದರಿಂದ ಬೆಳಗಿನ ಹೊತ್ತು ಏರುವುದು ರೂಢಿ. 2006 ಮತ್ತು 2018ರ ಮಹಾಮಸ್ತಕಾಭಿಷೇಕಗಳು ತಂಪು ಉಳಿದಿರುವ ಫೆಬ್ರವರಿ ತಿಂಗಳಲ್ಲಿ ಆರಂಭವಾದವು.

ವಸತಿ ಮತ್ತು ಆಹಾರ

ಈ ಭಾಗದ ಹಳೆಯ ಮನೆಗಳು ಹವೆಗೆ ಹೊಂದಿಕೊಂಡವು. ದಪ್ಪನೆಯ ಮಣ್ಣಿನ ಗೋಡೆ, ನಾಡಹೆಂಚಿನ ಇಳಿಜಾರು ಮಾಡು, ಮುಂದೆ ಜಗುಲಿ, ಅನುಕೂಲಸ್ಥರ ಮನೆಗಳಲ್ಲಿ ನಡುವೆ ತೊಟ್ಟಿ ಇರುತ್ತಿದ್ದವು. ದಪ್ಪ ಗೋಡೆಯು ಹಗಲಿನ ಬಿಸಿಯನ್ನು ನಿಧಾನವಾಗಿ ಹೀರುವುದರಿಂದ ಒಳಗೆ ತಂಪಿರುತ್ತದೆ. ತೊಟ್ಟಿಯಿಂದ ಬಿಸಿ ಗಾಳಿ ಮೇಲೇರಿ ಹೊರಹೋಗುತ್ತದೆ. ಹೆಂಚುಗಳ ಸಂದಿಯಲ್ಲಿಯೂ ಗಾಳಿಯಾಡುತ್ತದೆ. ಇಂದಿನ ತಾರಸಿ ಮನೆಗಳಲ್ಲಿ ಕಾಂಕ್ರೀಟ್ ಚಾವಣಿಯು ಹಗಲೆಲ್ಲ ಕಾದು ರಾತ್ರಿ ಒಳಗೆ ಶಾಖ ಬಿಡುತ್ತದೆ. ಹೊರಗೆ 20 ಡಿಗ್ರಿಯ ತಂಪಿದ್ದರೂ ಒಳಗೆ ಫ್ಯಾನ್ ಇಲ್ಲದೆ ಮಲಗಲಾಗದ ಸ್ಥಿತಿ ಇದರಿಂದ ಉಂಟಾಗುತ್ತದೆ. ತಗಡಿನ ಅಥವಾ ಸಿಮೆಂಟ್ ಶೀಟಿನ ಮನೆಗಳಲ್ಲಿ ವಾಸಿಸುವ ಬಡ ಕುಟುಂಬಗಳಿಗೆ ಊರಿನ ಹಿತವಾದ ಹವೆಯ ಪ್ರಯೋಜನ ಅಷ್ಟಾಗಿ ದೊರೆಯುವುದಿಲ್ಲ.

ಊಟೋಪಚಾರವೂ ಋತುವನ್ನು ಅನುಸರಿಸುತ್ತದೆ. ಬೇಸಿಗೆಯಲ್ಲಿ ರಾಗಿ ಅಂಬಲಿ ಮತ್ತು ಮಜ್ಜಿಗೆ, ಮಳೆಗಾಲದಲ್ಲಿ ಮುದ್ದೆಯೊಡನೆ ಬಿಸಿ ಹುರುಳಿ ಸಾರು, ಇಬ್ಬನಿ ಬೀಳುವ ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿಯ ಅಡುಗೆಗಳು ವಾಡಿಕೆಯಲ್ಲಿವೆ. ಹೊಲಗದ್ದೆಗಳಲ್ಲಿ ದುಡಿಯುವವರು ಮಳೆ ಮತ್ತು ಚಳಿ ಎರಡಕ್ಕೂ ಕಂಬಳಿ ಕೊಪ್ಪೆಯನ್ನು ಬಳಸುತ್ತಿದ್ದರು.

ಕೃಷಿಯ ಮೇಲಿನ ಪರಿಣಾಮ

ತಂಪಾದ ಮಳೆಗಾಲದಿಂದಾಗಿ ಹಾಸನ ಜಿಲ್ಲೆಯು ಮುಂಗಾರಿನಲ್ಲಿಯೇ ಆಲೂಗಡ್ಡೆ ಬೆಳೆಯುವ ಪ್ರಮುಖ ಪ್ರದೇಶವಾಯಿತು. ಮೇ–ಜೂನ್ ತಿಂಗಳುಗಳಲ್ಲಿ ಪಂಜಾಬಿನ ಜಲಂಧರ್ ಕಡೆಯಿಂದ ತರಿಸಿದ ಬಿತ್ತನೆ ಗಡ್ಡೆಯನ್ನು ನಾಟಿ ಮಾಡಲಾಗುತ್ತದೆ. ಆದರೆ ಜನರಿಗೆ ಹಿತವೆನಿಸುವ ತಂಪು ಮತ್ತು ತೇವವೇ ಈ ಬೆಳೆಯ ಶತ್ರುವಾದ ಅಂಗಮಾರಿ ರೋಗಕ್ಕೂ ಅನುಕೂಲ. ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದರೆ ಫೈಟಾಫ್ಥೊರ ಇನ್‌ಫೆಸ್ಟಾನ್ಸ್ ಎಂಬ ರೋಗಕಾರಕ ಜೀವಿಯು ಕೆಲವೇ ದಿನಗಳಲ್ಲಿ ಹೊಲವನ್ನು ಸುಟ್ಟಂತೆ ಮಾಡುತ್ತದೆ. 1845ರಲ್ಲಿ ಆರಂಭವಾದ ಐರ್ಲೆಂಡಿನ ಕ್ಷಾಮಕ್ಕೆ ಕಾರಣವಾದದ್ದೂ ಇದೇ ರೋಗ. ಮರುಕಳಿಸುವ ಅಂಗಮಾರಿ ಮತ್ತು ಬೆಲೆಯ ಏರಿಳಿತಗಳಿಂದ ಜಿಲ್ಲೆಯಲ್ಲಿ ಆಲೂಗಡ್ಡೆಯ ವಿಸ್ತೀರ್ಣ ಗಣನೀಯವಾಗಿ ಕುಗ್ಗಿದ್ದು, ಹಲವು ರೈತರು ಮೆಕ್ಕೆಜೋಳ ಮತ್ತು ಶುಂಠಿಗೆ ತಿರುಗಿದ್ದಾರೆ.

ಅರಕಲಗೂಡು ತಾಲ್ಲೂಕಿನಲ್ಲಿ ಹೊಗೆಸೊಪ್ಪು, ಚನ್ನರಾಯಪಟ್ಟಣದಲ್ಲಿ ತೆಂಗು ಮತ್ತು ರಾಗಿ ಮುಖ್ಯ ಬೆಳೆಗಳು. ಹೊಗೆಸೊಪ್ಪನ್ನು ಸೌದೆಯ ಬೆಂಕಿಯಿಂದ ಹದಗೊಳಿಸುವ ಬ್ಯಾರನ್‌ಗಳಲ್ಲಿ ದುಡಿಯುವವರು ಹೊರಗಿನ ತಂಪಿನ ನಡುವೆಯೂ ತೀವ್ರ ಬಿಸಿಯಲ್ಲಿ ಕೆಲಸ ಮಾಡಬೇಕಾಗುತ್ತದೆ.

ಆರೋಗ್ಯ

ಹಿತವಾದ ಹವೆ ಎಂದರೆ ಆರೋಗ್ಯಕರ ಹವೆ ಎಂದೇ ಅರ್ಥವಲ್ಲ. 20ನೆಯ ಶತಮಾನದ ಮೊದಲರ್ಧದಲ್ಲಿ ಮಲೆನಾಡಿನ ತಾಲ್ಲೂಕುಗಳು ಮಲೇರಿಯಾಕ್ಕೆ ಕುಖ್ಯಾತವಾಗಿದ್ದವು. ತಂಪಾದ, ಹಸಿರಾದ ಊರುಗಳನ್ನೇ ಜನ ಚಳಿಜ್ವರದ ಭಯದಿಂದ ತೊರೆಯುತ್ತಿದ್ದರು. ಸ್ವಾತಂತ್ರ್ಯಾನಂತರ ಡಿಡಿಟಿ ಸಿಂಪಡಣೆಯೂ ಸೇರಿದಂತೆ ನಡೆದ ನಿಯಂತ್ರಣ ಕಾರ್ಯಗಳಿಂದ ಆ ಪರಿಸ್ಥಿತಿ ಬದಲಾಯಿತು.

ಈಗಿನ ಮುಖ್ಯ ಸಮಸ್ಯೆ ಡೆಂಗಿ ಜ್ವರ. ಇದನ್ನು ಹರಡುವ ಈಡಿಸ್ ಸೊಳ್ಳೆ ಮನೆಯ ಸುತ್ತಲಿನ ಟೈರು, ಕರಟ, ನೀರಿನ ತೊಟ್ಟಿಗಳಲ್ಲಿ ನಿಂತ ಶುದ್ಧ ನೀರಿನಲ್ಲಿ ಬೆಳೆಯುತ್ತದೆ. ಮಳೆ ಬಿಟ್ಟು ಬಿಟ್ಟು ಬರುವ, ಹಗಲು ಬೆಚ್ಚಗಿರುವ ದಿನಗಳು ಅದಕ್ಕೆ ಅನುಕೂಲ. 2024ರಲ್ಲಿ ರೋಗ ವ್ಯಾಪಕವಾದಾಗ ಕರ್ನಾಟಕ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು.

ಇತ್ತೀಚಿನ ಬದಲಾವಣೆಗಳು

ಜಾಗತಿಕ ತಾಪಮಾನ ಏರಿಕೆಯ ಜೊತೆಗೆ ಸ್ಥಳೀಯ ಕಾರಣಗಳೂ ಪಟ್ಟಣಗಳ ಬೇಸಿಗೆಯನ್ನು ತೀವ್ರಗೊಳಿಸುತ್ತಿವೆ. ರಸ್ತೆ ವಿಸ್ತರಣೆಗಾಗಿ ಸಾಲುಮರಗಳನ್ನು ಕಡಿಯುವುದು, ಕೆರೆಗಳ ಒತ್ತುವರಿ, ಡಾಂಬರು ಮತ್ತು ಕಾಂಕ್ರೀಟಿನ ಹೆಚ್ಚಳ ಇವುಗಳಲ್ಲಿ ಪ್ರಮುಖವಾದವು. ಹಾಸನ ನಗರದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಈಗ ಕೆರೆ ಹೆಸರಿನಲ್ಲಿ ಮಾತ್ರ ಉಳಿದಿದೆ. ಮರ ಮತ್ತು ಕೆರೆಗಳು ನೀರನ್ನು ಆವಿಯಾಗಿಸಿ ಸುತ್ತಲಿನ ಗಾಳಿಯನ್ನು ತಂಪಾಗಿಸುತ್ತವೆ. ಅವು ಇಲ್ಲವಾದಲ್ಲಿ ಹಗಲಿನ ಶಾಖ ರಾತ್ರಿಯವರೆಗೂ ಉಳಿಯುತ್ತದೆ. ಹಾಸನದಷ್ಟೇ ಎತ್ತರದಲ್ಲಿರುವ ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ ಉಷ್ಣಾಂಶ 39.2 ಡಿಗ್ರಿಗೆ ಏರಿತ್ತು. ಎತ್ತರವೊಂದೇ ಊರನ್ನು ತಂಪಾಗಿಡಲಾರದು ಎಂಬುದಕ್ಕೆ ಇದು ನಿದರ್ಶನ.

ಮಳೆಯ ಅನಿಶ್ಚಿತತೆಯೂ ಜನಜೀವನವನ್ನು ಬಾಧಿಸುತ್ತಿದೆ. 2018 ಮತ್ತು 2019ರಲ್ಲಿ ಪ್ರವಾಹ ಕಂಡ ರಾಜ್ಯದಲ್ಲಿ 2023ರಲ್ಲಿ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಹವೆ ಹಿತವಾಗಿಯೇ ಇರುತ್ತದೆಂಬ ರೂಢಿಯಿಂದ ಇಲ್ಲಿನ ಮನೆ, ಶಾಲೆ ಮತ್ತು ಕಚೇರಿಗಳನ್ನು ಬಿಸಿಲಿನ ಪರಿವೆಯಿಲ್ಲದೆ ಕಟ್ಟಲಾಗುತ್ತದೆ. ಆದ್ದರಿಂದ ಬಿಸಿಲಿಗೆ ಸಿದ್ಧವಾಗಿರುವ ಕಲಬುರಗಿ, ರಾಯಚೂರುಗಳಂತಹ ಊರುಗಳಿಗೆ ಸಾಮಾನ್ಯವೆನಿಸುವ ಉಷ್ಣಾಂಶವೂ ಇಲ್ಲಿನ ವೃದ್ಧರು, ಮಕ್ಕಳು ಮತ್ತು ಹೊರಗೆ ದುಡಿಯುವವರಿಗೆ ಹೆಚ್ಚಿನ ತೊಂದರೆ ಉಂಟುಮಾಡುತ್ತದೆ.

ಇವನ್ನೂ ನೋಡಿ

* ಹಾಸನ ಜಿಲ್ಲೆ
* ಹೇಮಾವತಿ ನದಿ
* ಮಲೆನಾಡು
* ಬಯಲುಸೀಮೆ
* ನೈಋತ್ಯ ಮುಂಗಾರು