ಬರಿಗಾಲಿನ ಅಹ್ಮದ್ ಖಾನ್

ಒಲಿಂಪಿಕ್ಸ್‌ನ್ಯಾಗ ಬರಿಗಾಲಿಲೆ ಫುಟ್‌ಬಾಲ್ ಆಡಿದ ನಮ್ಮ ಕನ್ನಡನಾಡಿನ ಹುಡುಗ ಯಾರು,
ಗೊತ್ತದ ಏನ್ರಿ?

ಅಹ್ಮದ್ ಖಾನ್.
ಬೆಂಗಳೂರಿನವರು.
ಹುಟ್ಟಿದ್ದು 1926ರಾಗ.

1948. ಲಂಡನ್ ಒಲಿಂಪಿಕ್ಸ್.
ಎದುರಿಗೆ ಫ್ರಾನ್ಸ್.
ನಮ್ಮ ತಂಡದಾಗ ಭಾಳ ಮಂದಿ ಕಾಲಾಗ ಬೂಟ್ ಇಲ್ಲ!
ಎರಡು ಪೆನಾಲ್ಟಿ ಕಳಕೊಂಡ್ವಿ.
2–1ರಿಂದ ಸೋತ್ವಿ.
ಸೋತರೂ ಲಂಡನ್ ಮಂದಿ ಇವರ ಆಟ ಮೆಚ್ಚಿಕೊಂಡ್ರು.

ಮರುವರ್ಷ ಅಹ್ಮದ್ ಕೋಲ್ಕತ್ತಾಕ್ಕ ಹೋದ್ರು.
ಈಸ್ಟ್ ಬೆಂಗಾಲ್ ಕ್ಲಬ್ಬಿಗೆ.
ಯಾಕಂದ್ರ, ಆಗ ಫುಟ್‌ಬಾಲ್ ಅಂದ್ರ ಕೋಲ್ಕತ್ತಾ.


ಅಲ್ಲಿ ಐದು ಮಂದಿ ಫಾರ್ವರ್ಡ್‌ಗಳು ಕೂಡಿದ್ರು.
ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ, ಅಹ್ಮದ್.
ಮಂದಿ ಇಟ್ಟ ಹೆಸರು, ಪಂಚಪಾಂಡವರು.
ಹೆಚ್ಚಿನವರು ದಕ್ಷಿಣದವರು, ಕುಣಿದಾಡಿದ್ದು ಬಂಗಾಳ!
1949, 50, 51.
ಮೂರೂ ವರ್ಷ ಐಎಫ್ಎ ಶೀಲ್ಡ್ ಅನ್ನೋ ಟ್ರೋಫಿ ಇವರದ.

1951ರಾಗ ದಿಲ್ಲಿ ಏಷ್ಯನ್ ಗೇಮ್ಸ್.
ಭಾರತಕ್ಕ ಬಂಗಾರ.
ಅಹ್ಮದ್ ತಂಡದಾಗ ಇದ್ರು.

ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್.
ಎದುರಿಗೆ ಯುಗೊಸ್ಲಾವಿಯಾ.
ಸ್ಕೋರ್ ಮಾತ್ರ ಕೇಳಬ್ಯಾಡ್ರಿ...
ಹೋಗ್ಲಿ, ಹೇಳೇ ಬಿಡ್ತೀನಿ. 10–1.
ನಮ್ಮ ಕಡಿಂದ ಬಿದ್ದ ಆ ಒಂದು ಗೋಲು?
ಅಹ್ಮದ್ ಖಾನ್ ಅವರದು.
ಅದಾದ ಮ್ಯಾಲೆ ನಮ್ಮ ಆಟಗಾರರಿಗೆ ಬೂಟ್ ಕಡ್ಡಾಯ ಆತು.

ಅಹ್ಮದ್ 2017ರಾಗ ಬೆಂಗಳೂರಿನ್ಯಾಗ ತೀರಿಕೊಂಡ್ರು.
ನನ್ನ ಕೇಳಿದ್ರ, ಕರ್ನಾಟಕದ ಫುಟ್‌ಬಾಲ್‌ನ್ಯಾಗ ಅವರಷ್ಟು ದೊಡ್ಡ ಹೆಸರು ಕಡಿಮಿ.

ನಿಮ್ಮ ಓಣ್ಯಾಗ ಚೆಂಡು ಒದಿಯೋ ಹುಡುಗರು ಇದ್ದಾರೇನು?
ಈ ವಿಡಿಯೋ ಅವರಿಗೊಂದು ಕಳಸ್ರಿ.