ಸೀತಾಳೆ ದಂಡೆ: ಹೆಸರು, ಸ್ವಭಾವ, ಪೋಷಣೆ

ಮಲೆನಾಡಿನ ಮತ್ತು ಕರಾವಳಿಯ ಮರಗಳ ಮೇಲೆ ಬೆಳೆದು, ಮುಂಗಾರಿನ ಆರಂಭದ ದಿನಗಳಲ್ಲಿ ನರಿಯ ಬಾಲದಂತೆ ಇಳಿಬಿದ್ದ ಹೂಗೊಂಚಲುಗಳನ್ನು ತಳೆಯುವ ಆರ್ಕಿಡ್ ವರ್ಗದ ಸಸ್ಯವೊಂದನ್ನು ನಮ್ಮವರು ಸೀತಾಳೆ ದಂಡೆ ಎಂದು ಕರೆಯುತ್ತಾರೆ. ಸೀತೆದಂಡೆ ಎಂಬ ರೂಪವೂ ಬಳಕೆಯಲ್ಲಿದೆ. ದಂಡೆಯೆಂದರೆ ಮುಡಿಯುವ ಹೂಮಾಲೆ. ಮರಾಠಿಯಲ್ಲಿ ಇದೇ ಸಸ್ಯಕ್ಕೆ ‘ಸೀತೇಚೀ ವೇಣೀ’ ಎಂದು ಹೆಸರು. ಸಹ್ಯಾದ್ರಿಯ ಎರಡು ಭಾಷೆಗಳ ಜನ ಒಂದೇ ಹೂವಿನಲ್ಲಿ ಸೀತೆಯ ಮುಡಿಯನ್ನು ಕಂಡುದು ಗಮನಾರ್ಹವಾಗಿದೆ. ದೂರದ ಅಸ್ಸಾಮಿನಲ್ಲಿ ಇದು ‘ಕೊಪೌ ಫೂಲ್’. ಬಿಹು ಹಬ್ಬದಲ್ಲಿ ಕುಣಿಯುವ ಹೆಣ್ಣುಮಕ್ಕಳು ಇದನ್ನು ಮುಡಿಯುತ್ತಾರೆ. ಆ ರಾಜ್ಯದ ಪುಷ್ಪವೂ ಇದೇ ಆಗಿದೆ. ಬಿಳಿಯ ಎಸಳಿನ ಮೇಲೆ ನಸುಗೆಂಪಿನ ಚುಕ್ಕೆಗಳಿರುವ ಈ ಹೂವಿನ ಕಂಪು ಮಲ್ಲಿಗೆಯದರಂತೆ ದೂರದಿಂದ ಕರೆಯುವಂಥದಲ್ಲ. ಹತ್ತಿರ ನಿಂತವರಿಗೆ ಮಾತ್ರ ತಿಳಿಯುವ ಮೆಲುಗಂಪು.

ಯುರೋಪಿನ ವಿದ್ವಾಂಸರಿಗೆ ಇದರ ಪರಿಚಯವಾದುದು ನಮ್ಮ ನೆರೆಯ ಮಲಬಾರಿನಿಂದ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಸಿದ್ಧಗೊಳಿಸಿದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥವು 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟವಾಯಿತು. ಅದರ ಕೊನೆಯ ಸಂಪುಟದಲ್ಲಿ ಈ ಗಿಡ ‘ಅನ್ಸೇಲಿ ಮರವಾರ’ ಎಂಬ ಮಲಯಾಳದ ಹೆಸರಿನಿಂದಲೇ ಬಂದಿದೆ. ಅನ್ಸೇಲಿಯೆಂಬುದು ಆಂಜಿಲಿ, ಎಂದರೆ ನಮ್ಮ ಹೆಬ್ಬಲಸಿನ ಮರ. 1753ರಲ್ಲಿ ಲಿನೇಯಸ್ ಇದನ್ನು ‘ಎಪಿಡೆಂಡ್ರಮ್’ ಕುಲಕ್ಕೆ ಸೇರಿಸಿದನು. ಆ ಗ್ರೀಕ್ ಪದದ ಅರ್ಥ ‘ಮರದ ಮೇಲಿರುವುದು’. ರಿಂಕೋಸ್ಟೈಲಿಸ್ ರೆಟ್ಯೂಸ ಎಂಬ ಈಗಿನ ಹೆಸರನ್ನು 1825ರಲ್ಲಿ ಕೊಟ್ಟವನು ಬ್ಲೂಮ್.

ಮರದ ಮೇಲಿರುವುದು ಬೇರೆ, ಮರವನ್ನು ತಿನ್ನುವುದು ಬೇರೆ. ಅಮರಕೋಶದಲ್ಲಿ ‘ವಂದಾ’ ಎಂಬುದಕ್ಕೆ ಪರ್ಯಾಯವಾಗಿ ‘ವೃಕ್ಷಾದನೀ’, ‘ವೃಕ್ಷರುಹಾ’ ಎಂಬ ಪದಗಳು ಒಟ್ಟಿಗೆ ಬರುತ್ತವೆ. ಮೊದಲನೆಯದರ ಅರ್ಥ ಮರವನ್ನು ತಿನ್ನುವುದು, ಎರಡನೆಯದರದು ಮರದ ಮೇಲೆ ಹುಟ್ಟಿದುದು. ಕನ್ನಡದ ಬಂದಳಿಕೆಗೆ ಎರಡೂ ಹೆಸರು ಒಪ್ಪುತ್ತವೆ. ಅದು ಕೊಂಬೆಯೊಳಕ್ಕೆ ನಾಟಿ ಮರದ ರಸವನ್ನು ಹೀರುತ್ತದೆ. ಸೀತಾಳೆಗಾದರೋ ಎರಡನೆಯದು ಮಾತ್ರ ಸಲ್ಲುತ್ತದೆ. ಅದರ ಬೇರು ತೊಗಟೆಯನ್ನು ಅಪ್ಪಿ ಹಿಡಿದಿರುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ. ಮಳೆಯ ನೀರು, ಮಂಜು, ತೊಗಟೆಯ ಮೇಲೆ ಹರಿದು ಬರುವ ಕಸದ ಸಾರ ಇಷ್ಟೇ ಅದರ ಆಹಾರ. ಇದನ್ನು ಬಂದಳಿಕೆಯೆಂದೇ ಬಗೆದು ಕಿತ್ತೆಸೆಯುವವರು ಮರಕ್ಕೆ ಯಾವ ಉಪಕಾರವನ್ನೂ ಮಾಡಿದಂತಾಗುವುದಿಲ್ಲ.

ಈ ಭೇದವನ್ನು ಅರಿತರೆ ಪೋಷಣೆಯ ಕ್ರಮವೂ ತಿಳಿದಂತೆಯೇ. ಸೀತಾಳೆಯ ದಪ್ಪನೆಯ ಬೇರುಗಳ ಸುತ್ತ ವೆಲಾಮೆನ್ ಎಂಬ ಸ್ಪಂಜಿನಂತಹ ಹೊದಿಕೆಯಿದೆ. ಒಣಗಿದಾಗ ಅದು ಬೆಳ್ಳಗೆ ಕಾಣುತ್ತದೆ. ನೀರು ಹೀರಿದೊಡನೆ ಒಳಗಿನ ಹಸಿರು ತೋರುತ್ತದೆ. ನೀರಿನಷ್ಟೇ ಗಾಳಿಯೂ ಈ ಬೇರಿಗೆ ಬೇಕು. ಕುಂಡದ ಮಣ್ಣಿನಲ್ಲಿ ಹೂತರೆ ಅದು ಉಸಿರುಕಟ್ಟಿ ಕೊಳೆಯುತ್ತದೆ. ಆದುದರಿಂದ ಗಿಡವನ್ನು ಒರಟು ತೊಗಟೆಯ ಮಾವಿನ ತುಂಡಿಗೆ ಹತ್ತಿಯ ದಾರದಿಂದ ಕಟ್ಟಬೇಕು. ಇಲ್ಲವೆ ಮರದ ಪಟ್ಟಿಗಳ ಬುಟ್ಟಿಯಲ್ಲಿ ಇದ್ದಿಲು ಮತ್ತು ಹೆಂಚಿನ ಚೂರುಗಳ ನಡುವೆ ನಿಲ್ಲಿಸಿ ತೂಗುಹಾಕಬೇಕು. ತೆಂಗಿನ ಸಿಪ್ಪೆ ಮಳೆಗಾಲದಲ್ಲಿ ಅತಿಯಾಗಿ ನೀರು ಹಿಡಿಯುವುದರಿಂದ ಅದನ್ನು ಮಿತವಾಗಿ ಬಳಸುವುದು ಲೇಸು.

ಕುರ್ಲಾದ ಹವೆ ಕರಾವಳಿಯದೇ ಆದ ಕಾರಣ ಗಿಡಕ್ಕೆ ಒಗ್ಗುತ್ತದೆ. ಒಗ್ಗದಿರುವುದು ರಸ್ತೆಯ ಧೂಳು ಮತ್ತು ಗೋಡೆಗಳು ಉಗುಳುವ ಕಾವು. ಪೂರ್ವದಿಕ್ಕಿನ ಗ್ಯಾಲರಿಯಲ್ಲಿ ಬೆಳಗಿನ ಬಿಸಿಲು ಬೀಳುವೆಡೆ ಇದಕ್ಕೆ ತಕ್ಕ ಸ್ಥಳ. ಎಲೆ ಕಡುಹಸಿರಾದರೆ ಬೆಳಕು ಸಾಲದೆಂದೂ, ಕಂದು ಕಲೆಗಳು ಮೂಡಿದರೆ ಬಿಸಿಲು ಹೆಚ್ಚಾಯಿತೆಂದೂ ತಿಳಿಯಬೇಕು. ಬೇಸಗೆಯಲ್ಲಿ ಪ್ರತಿದಿನ ಮುಂಜಾನೆ ಬೇರು ಹಸಿರಾಗುವವರೆಗೆ ನೀರೆರೆಯಬೇಕು. ಎಲೆಗಳ ಧೂಳೂ ಅದರೊಡನೆ ತೊಳೆದುಹೋಗಲಿ. ಜೂನ್‌ನಿಂದ ಸೆಪ್ಟೆಂಬರಿನವರೆಗೆ, ಮಳೆ ತಗಲುವ ಕಡೆಯಿದ್ದರೆ, ನಮ್ಮ ನೀರು ಬೇಡ. ಚಳಿಗಾಲದಲ್ಲಿ ವಾರಕ್ಕೆ ಎರಡು ಮೂರು ಸಲ ಸಾಕು. ಬೆಳಕು ಚೆನ್ನಾಗಿದ್ದು ನೀರು ಕಡಮೆಯಾದ ಈ ವಿಶ್ರಾಂತಿಯು ಮುಂದಿನ ಹೂವಿಗೆ ಅನುಕೂಲ. ಸುಳಿಯಲ್ಲಿ ರಾತ್ರಿಯಿಡೀ ನೀರು ನಿಂತರೆ ಸುಳಿ ಕೊಳೆಯುತ್ತದೆ. ಸಂಜೆ ನೀರೆರೆಯುವ ಅಭ್ಯಾಸ ಸಲ್ಲದು. ಬೆಳವಣಿಗೆಯ ತಿಂಗಳುಗಳಲ್ಲಿ, ಡಬ್ಬಿಯ ಮೇಲೆ ಹೇಳಿದ ಪ್ರಮಾಣದ ಕಾಲುಭಾಗದಷ್ಟು ಗೊಬ್ಬರವನ್ನು ನೀರಿನಲ್ಲಿ ಕರಗಿಸಿ ಹದಿನೈದು ದಿನಕ್ಕೊಮ್ಮೆ ಸಿಂಪಡಿಸಿದರೆ ಸಾಕಾಗುತ್ತದೆ. ಬೇರು ಹಿಡಿದ ಗಿಡವನ್ನು ಮತ್ತೆ ಕದಲಿಸಬಾರದು.

ಇನ್ನು ಗಿಡ ದೊರೆಯುವ ಬಗೆ. ಬೇಸಗೆಯ ರಜೆ ಮುಗಿಸಿ ಮತ್ಸ್ಯಗಂಧಾ ರೈಲಿನಿಂದ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಲ್ಲಿ ಇಳಿಯುವ ನಮ್ಮವರ ಚೀಲಗಳಲ್ಲಿ ಹಲಸು, ಪುನರ್ಪುಳಿಗಳ ಜತೆಗೆ ಮರದಿಂದ ಎಬ್ಬಿಸಿದ ಸೀತಾಳೆಯೂ ಇರುವುದುಂಟು. ಊರಿನ ಹೂವು ಕಣ್ಣೆದುರಿಗಿರಲೆಂಬ ಆಸೆ ಸಹಜವೇ. ಆದರೆ ಹೂಬಿಟ್ಟ ಹಳೆಯ ಗಿಡವನ್ನು ಎಳೆದು ತೆಗೆಯುವಾಗ ತೊಗಟೆಗಂಟಿದ ಬೇರುಗಳು ಹರಿಯುತ್ತವೆ. ಅಂಥ ಗಿಡ ಸೊರಗಿ, ಕೆಲವು ಮಳೆಗಾಲಗಳೊಳಗೆ ಸಾಯುವುದೇ ಹೆಚ್ಚು. ಅದರ ಸ್ಥಾನವನ್ನು ತುಂಬುವುದೂ ಸುಲಭವಲ್ಲ. ಧೂಳಿನಂತಹ ಇದರ ಬೀಜದಲ್ಲಿ ಮೊಳಕೆಗೆ ಬೇಕಾದ ಆಹಾರವಿಲ್ಲ; ತೊಗಟೆಯ ಮೇಲೆ ತಕ್ಕ ಶಿಲೀಂಧ್ರದ ಸಹಾಯ ಸಿಕ್ಕಿದರೆ ಮಾತ್ರ ಅದು ಮೊಳೆಯುತ್ತದೆ. ಹೂಬಿಡಲು ಆ ಮೇಲೆ ಹಲವು ವರ್ಷಗಳು ಬೇಕು. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಸಸ್ಯಗಳನ್ನು ತರುವುದು 1963ರ ಕರ್ನಾಟಕ ಅರಣ್ಯ ಅಧಿನಿಯಮದಂತೆ ಅಪರಾಧವೂ ಹೌದು.

ನ್ಯಾಯವಾದ ದಾರಿಗಳು ಎರಡಿವೆ. ಅಮೆರಿಕದ ನಡ್ಸನ್ ಎಂಬ ವಿಜ್ಞಾನಿ, ಸಕ್ಕರೆ ಬೆರೆತ ಆಹಾರದ ಮೇಲೆ ಆರ್ಕಿಡ್ ಬೀಜಗಳು ಶಿಲೀಂಧ್ರವಿಲ್ಲದೆಯೂ ಮೊಳೆಯುವುದನ್ನು 1922ರಲ್ಲಿ ತೋರಿಸಿದನು. ಆ ಕ್ರಮದಿಂದ ಸೀಸೆಯಲ್ಲಿ ಬೆಳೆಸಿದ ಗಿಡಗಳನ್ನು ನರ್ಸರಿಗಳಿಂದ ಕೊಳ್ಳಬಹುದು. ಇಲ್ಲವೆ, ಊರ ಮನೆಯಂಗಳದ ಮರ ಗಾಳಿಗೆ ಉರುಳಿದಾಗ ಅಥವಾ ಕಡಿಯಲ್ಪಟ್ಟಾಗ, ಗಿಡವನ್ನು ಕೀಳದೆ ಅದು ಕುಳಿತ ಕೊಂಬೆಯ ತುಂಡನ್ನೇ ಗರಗಸದಿಂದ ಕೊಯ್ದು ತರಬಹುದು. ನೆಲಕ್ಕೆ ಬಿದ್ದ ಕೊಂಬೆಯ ಮೇಲೆ ಆ ಗಿಡ ಹೇಗೂ ಉಳಿಯಲಾರದು. ತುಂಡಿನೊಡನೆ ತಂದು ತೂಗುಹಾಕಿದರೆ ಬೇರು ಹರಿಯದೆ ಬದುಕುವ ಸಂಭವ ಹೆಚ್ಚು. ನಿಂತ ಮರದ ಮೇಲಿನ ಸೀತಾಳೆಯನ್ನು ಮಾತ್ರ ಅಲ್ಲಿಯೇ ಬಿಟ್ಟು, ಮುಂಗಾರಿನ ಹೊತ್ತಿಗೆ ಊರಿಗೆ ಹೋದಾಗ ನೋಡಿಬರುವುದು ಉಚಿತ.