ಮೂರು ಸಿಂಹದ ಸ್ಟಿಕ್ಕರ್ ಮತ್ತು ಮಾವನ ಅಂಗಡಿ

ಮಾದನಾಯಕನಹಳ್ಳಿಯಲ್ಲಿ ತುಮಕೂರು ರಸ್ತೆಗೆ ಅಂಟಿಕೊಂಡಂತೆ ನನ್ನ ಸೋದರಮಾವನ ಸ್ಟಿಕ್ಕರ್ ಅಂಗಡಿ ಇದೆ. ನಾನು ಬಿಇ ಮೂರನೇ ವರ್ಷದ ವಿದ್ಯಾರ್ಥಿ. ಕಾಲೇಜು ಮುಗಿಸಿಕೊಂಡು ಸಂಜೆ ಅಲ್ಲಿ ಕೂರುತ್ತೇನೆ. ಕೋರಲ್‌ಡ್ರಾದಲ್ಲಿ ಡಿಸೈನ್ ಮಾಡಿ, ಪ್ಲಾಟರ್‌ಗೆ ಕೊಟ್ಟು, ರೇಡಿಯಂ ಹಾಳೆ ಕತ್ತರಿಸುವುದು ನನ್ನ ಕೆಲಸ. ಎಚ್‌ಎಸ್‌ಆರ್‌ಪಿ ಬಂದ ಮೇಲೆ ನಂಬರ್ ಪ್ಲೇಟಿನ ವ್ಯಾಪಾರ ಬಿದ್ದುಹೋಗಿದೆ. ಹಾಗಾಗಿ ಈಗ ಲಾರಿಯ ಮೇಲೆ ದೇವರ ಹೆಸರು, ಫ್ಯಾಕ್ಟರಿ ಗೇಟಿಗೆ ಬೋರ್ಡು, ಆಟೊ ಹಿಂದೆ ಮಕ್ಕಳ ಹೆಸರು, ಏನು ಬಂದರೂ ಬೇಡ ಅನ್ನುವುದಿಲ್ಲ.

ಕಳೆದ ವರ್ಷ ಹಾಗೇ ಬೇಡ ಅನ್ನದೆ ಒಂದು ಕೆಲಸ ಮಾಡಿದೆ. ಮಾವ ಊಟಕ್ಕೆ ಹೋಗಿದ್ದರು. ನಮ್ಮ ಕಾಯಂ ಗಿರಾಕಿಯೊಬ್ಬರು ಬಂದರು. ಒಂದು ಸಂಘದ ಅಧ್ಯಕ್ಷರು, ಪ್ರತಿ ನವೆಂಬರ್‌ನಲ್ಲಿ ರಾಜ್ಯೋತ್ಸವದ ಫ್ಲೆಕ್ಸ್‌ಗಳೆಲ್ಲ ನಮ್ಮಲ್ಲೇ. ‘ತಮ್ಮಾ, ಗಾಡಿ ಮುಂದಿನ ಗ್ಲಾಸಿಗೆ ಮೂರು ಸಿಂಹ ಹಾಕ್ಕೊಡು, ಕೆಳಗಡೆ ರಾಜ್ಯಾಧ್ಯಕ್ಷರು ಅಂತ ಬರಿ. ಟೋಲ್‌ನಲ್ಲಿ ಸ್ವಲ್ಪ ಮರ್ಯಾದೆ ಸಿಗುತ್ತೆ’ ಅಂದರು. ನೆಟ್‌ನಿಂದ ಚಿತ್ರ ಇಳಿಸಿ, ಚಿನ್ನದ ಬಣ್ಣದ ಹಾಳೆಯಲ್ಲಿ ಕತ್ತರಿಸಿ ಅಂಟಿಸಿಕೊಟ್ಟೆ. ಐನೂರು ರೂಪಾಯಿ ಕೊಟ್ಟರು. ಸಿಂಹದ ಕೇಸರದ ಅಂಚು ಅಷ್ಟು ಸಣ್ಣದಾಗಿ ಕತ್ತರಿಸಿ ಬಂದಿದ್ದಕ್ಕೆ ನನಗೇ ಹೆಮ್ಮೆಯಾಗಿತ್ತು.

ಹತ್ತು ದಿನ ಕಳೆದ ಮೇಲೆ ಬೇರೆ ಜಿಲ್ಲೆಯ ಒಂದು ಠಾಣೆಯಿಂದ ಅಂಗಡಿಗೆ ಫೋನ್ ಬಂತು. ಗಾಡಿ ಹಿಡಿದಿದ್ದರು. ‘ಇದನ್ನ ಮಾಡಿಕೊಟ್ಟಿದ್ದು ಯಾರು’ ಎಂದು ಕೇಳಿದಾಗ ಅಧ್ಯಕ್ಷರು ನಮ್ಮ ಅಂಗಡಿಯ ವಿಸಿಟಿಂಗ್ ಕಾರ್ಡನ್ನೇ ತೆಗೆದು ಕೊಟ್ಟಿದ್ದರಂತೆ. ಮಾವ ಅಂಗಡಿ ಮುಚ್ಚಿಕೊಂಡು ಹೋದರು. ಸಂಜೆವರೆಗೆ ಬೆಂಚಿನ ಮೇಲೆ ಕೂತು, ಹೇಳಿಕೆ ಬರೆದುಕೊಟ್ಟು ವಾಪಸ್ ಬಂದರು. ಕೇಸು ಆಗಲಿಲ್ಲ. ‘ನಾನೇ ಕಟ್ ಮಾಡಿದ್ದು ಅಂತ ಬರ್ಕೊಟ್ಟಿದೀನಿ. ನೀನು ಓದೋ ಹುಡುಗ, ನಿನ್ನ ಹೆಸರು ಅಲ್ಲಿ ಯಾಕೆ ಬೇಕು’ ಅಂದರು ಅಷ್ಟೇ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಆ ರಾತ್ರಿ ಕೂತು ಕಾನೂನು ಓದಿದೆ. ಸೆಮಿಸ್ಟರ್ ಪುಸ್ತಕಗಳನ್ನು ಕೂಡ ಅಷ್ಟು ಗಮನ ಕೊಟ್ಟು ಓದಿದವನಲ್ಲ.

ಸಾರನಾಥದ ಅಶೋಕ ಸ್ತಂಭದ ಸಿಂಹಗಳು ನಮ್ಮ ರಾಷ್ಟ್ರ ಲಾಂಛನವಾದದ್ದು 1950ರ ಜನವರಿ 26ರಂದು. ಅದೇ ವರ್ಷ ಲಾಂಛನಗಳ ಮತ್ತು ಹೆಸರುಗಳ ದುರ್ಬಳಕೆ ತಡೆಯುವ ಒಂದು ಕಾಯ್ದೆ ಬಂತು. ಅದರಲ್ಲಿ ಬರೆದಿದ್ದ ದಂಡ 500 ರೂಪಾಯಿವರೆಗೆ, ಅಂದರೆ ನಾನು ಆ ಸ್ಟಿಕ್ಕರಿಗೆ ತೆಗೆದುಕೊಂಡಷ್ಟೇ! ಆಮೇಲೆ 2005ರಲ್ಲಿ ರಾಷ್ಟ್ರ ಲಾಂಛನಕ್ಕೆಂದೇ ಪ್ರತ್ಯೇಕ ಕಾಯ್ದೆಯಾಯಿತು, 2007ರಲ್ಲಿ ಅದರ ನಿಯಮಗಳು ಬಂದವು. ಸರ್ಕಾರಕ್ಕೆ ಸಂಬಂಧಿಸಿದ್ದು ಎಂಬ ಭಾವನೆ ಬರುವಂತೆ ಲಾಂಛನ ಬಳಸಿದರೆ ಈಗ ಎರಡು ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಕ್ರಮ ಲಾಭಕ್ಕಾಗಿ ವ್ಯಾಪಾರ ವಹಿವಾಟಿನಲ್ಲಿ ಬಳಸಿದ್ದು ಸಾಬೀತಾದರೆ ಕನಿಷ್ಠ ಆರು ತಿಂಗಳು ಜೈಲು.

ಯಾರ ವಾಹನದ ಮೇಲೆ ಲಾಂಛನ ಇರಬಹುದು ಎನ್ನುವುದಕ್ಕೆ ನಿಯಮಗಳಲ್ಲಿ ಒಂದು ಪಟ್ಟಿಯೇ ಇದೆ. ರಾಷ್ಟ್ರಪತಿ, ಉಪರಾಷ್ಟ್ರಪತಿ, ರಾಜ್ಯಪಾಲರು ಅದರಲ್ಲಿದ್ದಾರೆ. ಸಂಘದ ಅಧ್ಯಕ್ಷರು ಇಲ್ಲ. ನನಗೆ ನಿಜಕ್ಕೂ ಆಶ್ಚರ್ಯವಾಗಿದ್ದು ಹತ್ತನೇ ನಿಯಮ ಓದಿದಾಗ. ಮಾಜಿ ಸಚಿವರು, ಮಾಜಿ ಶಾಸಕರು, ನಿವೃತ್ತ ನ್ಯಾಯಮೂರ್ತಿಗಳು, ನಿವೃತ್ತ ಅಧಿಕಾರಿಗಳು ಕೂಡ ಬಳಸುವಂತಿಲ್ಲ. ಅಧಿಕಾರ ಹೋದ ದಿನ ಸಿಂಹವೂ ಹೋಯಿತು. ಅಧಿಕೃತ ಅನುಮತಿ ಇಲ್ಲದಿದ್ದರೆ ಬ್ಯಾಂಕು, ಸಾರ್ವಜನಿಕ ಉದ್ದಿಮೆ, ವಿಶ್ವವಿದ್ಯಾಲಯ, ಪಂಚಾಯಿತಿ, ಪುರಸಭೆಗಳಿಗೂ ನಿಷೇಧ.

ಕೆಲಸ ಹುಡುಕುತ್ತಿರುವವರು ಇದನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕು. ‘ಬ್ಯಾಂಕ್ ನೇಮಕಾತಿ ಪತ್ರ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಪಿಡಿಎಫ್‌ನ ನೆತ್ತಿಯ ಮೇಲೆ ಮೂರು ಸಿಂಹ ಇದ್ದರೆ ನಮಗೆ ನಂಬಿಕೆ ಹುಟ್ಟುತ್ತದೆ. ನಿಜವಾಗಿ ಅಲ್ಲಿಯೇ ಅನುಮಾನ ಹುಟ್ಟಬೇಕು. ಆ ಚಿತ್ರ ನನ್ನಂಥವನಿಗೆ ಎರಡು ನಿಮಿಷದಲ್ಲಿ ಸಿಕ್ಕಿತು, ಮೋಸ ಮಾಡುವವನಿಗೆ ಸಿಗುವುದಿಲ್ಲವೇ? ಇನ್ನೊಂದು ಗುರುತು: ಸಿಂಹಗಳ ಕೆಳಗೆ ದೇವನಾಗರಿಯಲ್ಲಿ ‘ಸತ್ಯಮೇವ ಜಯತೇ’ ಇರಲೇಬೇಕು, ಅದು ಲಾಂಛನದ ಭಾಗ. ನಾನು ಕತ್ತರಿಸಿದ್ದರಲ್ಲಿ ಅದು ಇರಲಿಲ್ಲ. ಆ ಜಾಗದಲ್ಲಿ ‘ರಾಜ್ಯಾಧ್ಯಕ್ಷರು’ ಅಂತಿತ್ತು.

ಇಷ್ಟು ಓದಿದ ಮೇಲೆ ಇನ್ನೊಂದು ಚಿಂತೆ ಶುರುವಾಯಿತು. ಕಾಲೇಜಿನಲ್ಲಿ ನಾವು ನಾಲ್ವರು ಸೇರಿ ಈರುಳ್ಳಿ ಗೋದಾಮಿನ ತೇವಾಂಶ ಅಳೆಯುವ ಒಂದು ಪೆಟ್ಟಿಗೆ ಮಾಡುತ್ತಿದ್ದೇವೆ. ಚೆನ್ನಾಗಿ ಬಂದರೆ ಪಕ್ಕದ ದಾಸನಪುರ ಎಪಿಎಂಸಿಯಲ್ಲಿ ಮಾರುವ ಆಸೆ. ಅದರ ಲೋಗೊಗೆ ಗಂಡಭೇರುಂಡ ಎಂದು ಎಲ್ಲರೂ ಒಪ್ಪಿಯಾಗಿತ್ತು. ಎರಡು ಕೊಕ್ಕಿನಲ್ಲಿ ಎರಡು ಈರುಳ್ಳಿ. (ನಗಬೇಡಿ, ಚೆನ್ನಾಗಿಯೇ ಇತ್ತು.)

ಗಂಡಭೇರುಂಡ ಯಾರ ಹಕ್ಕಿ? ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಭೇರುಂಡೇಶ್ವರ ಸ್ತಂಭ ಇದೆ. ಕೆಳದಿಯ ದೇವಸ್ಥಾನದ ಚಾವಣಿಯಲ್ಲಿ ಇದೇ ಹಕ್ಕಿಯ ಕೆತ್ತನೆ ಇದೆ. ವಿಜಯನಗರದ ಅಚ್ಯುತದೇವರಾಯನ ನಾಣ್ಯಗಳಲ್ಲೂ ಅದು ಇದೆ. ಆಮೇಲೆ ಮೈಸೂರು ಒಡೆಯರದ್ದಾಯಿತು. ಈಗ ಕರ್ನಾಟಕ ಸರ್ಕಾರದ ಲಾಂಛನ ನೋಡಿ: ಕೆಂಪು ಗುರಾಣಿಯೊಳಗೆ ಬಿಳಿ ಗಂಡಭೇರುಂಡ, ಎರಡೂ ಕಡೆ ಆನೆ ತಲೆಯ, ಸಿಂಹದ ಮೈಯ ಗಜಕೇಸರಿ, ಮೇಲೆ ಅಶೋಕನ ಸಿಂಹ. ಅರಮನೆಯ ಹಕ್ಕಿ ಮತ್ತು ಗಣರಾಜ್ಯದ ಸಿಂಹ ಒಂದೇ ಚಿತ್ರದಲ್ಲಿ! ರಾಷ್ಟ್ರ ಲಾಂಛನವನ್ನು ತನ್ನ ಲಾಂಛನದೊಳಗೆ ಹೊಸದಾಗಿ ಸೇರಿಸಿಕೊಳ್ಳಬೇಕಾದರೆ ರಾಜ್ಯ ಸರ್ಕಾರವೇ ಆದರೂ ಕೇಂದ್ರದ ಒಪ್ಪಿಗೆ ಪಡೆಯಬೇಕು. 2007ಕ್ಕೆ ಮೊದಲೇ ಸೇರಿಸಿಕೊಂಡಿದ್ದ ರಾಜ್ಯಗಳು ಮುಂದುವರಿಸಬಹುದು.

ಗುರಾಣಿ, ಎರಡು ಬದಿಗೆ ಪ್ರಾಣಿ, ಕೆಳಗೆ ಧ್ಯೇಯವಾಕ್ಯ ಎನ್ನುವ ಈ ವಿನ್ಯಾಸ ಯುರೋಪಿನದು. 1877ರ ಜನವರಿ 1ರಂದು ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿ ಎಂದು ಸಾರಲು ದೆಹಲಿಯಲ್ಲಿ ದೊಡ್ಡ ದರ್ಬಾರು ನಡೆಯಿತು. ಆಗ ನಮ್ಮ ರಾಜರಿಗೆಲ್ಲ ಯುರೋಪಿನ ಕ್ರಮದಲ್ಲಿ ಲಾಂಛನ ಬಿಡಿಸಿ, ರೇಷ್ಮೆ ಬಾವುಟಗಳ ಮೇಲೆ ಹಾಕಿ ಕೊಟ್ಟರು. ಬಿಡಿಸಿದವರು ರಾಬರ್ಟ್ ಟೇಲರ್ ಎಂಬ ಅಧಿಕಾರಿ. ಸರ್ಕಾರಿ ನೌಕರನೊಬ್ಬ ಕೂತು ಅಷ್ಟೊಂದು ರಾಜಮನೆತನಗಳಿಗೆ ‘ಲೋಗೊ’ ಮಾಡಿದ ಕಥೆ ಓದಿದಾಗ, ನನ್ನ ಕೆಲಸಕ್ಕೂ ಒಬ್ಬ ಹಿರಿಯರು ಸಿಕ್ಕರಲ್ಲ ಅನ್ನಿಸಿತು.

ಇಂಗ್ಲೆಂಡಿನಲ್ಲಿ ಇದಕ್ಕೆಂದೇ ಒಂದು ಕಚೇರಿ ಇದೆ, ಕಾಲೇಜ್ ಆಫ್ ಆರ್ಮ್ಸ್. ಹುಟ್ಟಿದ್ದು 1484ರಲ್ಲಿ. ಸಾವಿರಾರು ಪೌಂಡ್ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ, ಯೋಗ್ಯರು ಅನ್ನಿಸಿದವರಿಗೆ ಅವರದೇ ಲಾಂಛನ ಕೊಡುತ್ತಾರೆ. 1954ರಲ್ಲಿ ಮ್ಯಾಂಚೆಸ್ಟರ್ ನಗರಾಡಳಿತವು ತನ್ನ ಲಾಂಛನ ಬಳಸಿದ್ದಕ್ಕೆ ಒಂದು ನಾಟಕ ಮಂದಿರದ ಮೇಲೆ ದಾವೆ ಹೂಡಿತು. ಅದಕ್ಕಾಗಿ ಇನ್ನೂರಕ್ಕೂ ಹೆಚ್ಚು ವರ್ಷದಿಂದ ಬಾಗಿಲು ಹಾಕಿದ್ದ ಒಂದು ನ್ಯಾಯಾಲಯವನ್ನು ಮತ್ತೆ ತೆರೆದರು. ನಗರಾಡಳಿತ ಗೆದ್ದಿತು. ಸ್ಕಾಟ್ಲೆಂಡ್ ಇನ್ನೂ ಬಿಗಿ. ಅಲ್ಲಿ 1672ರ ಕಾಯ್ದೆ ಈಗಲೂ ಜಾರಿಯಲ್ಲಿದೆ, ನೋಂದಾಯಿಸದೆ ಲಾಂಛನ ಬಳಸುವುದು ಅಪರಾಧ.

ನಮ್ಮಲ್ಲಿ ಮನೆತನಕ್ಕೆ ಲಾಂಛನ ಕೊಡುವ ಇಲಾಖೆ ಇಲ್ಲ. ಇರುವುದು ಟ್ರೇಡ್‌ಮಾರ್ಕ್ ಮತ್ತು ಕಾಪಿರೈಟ್. ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಅಂಗಡಿ ಮುಂದೆಯೇ ದಿನವಿಡೀ ಓಡಾಡುತ್ತದೆ: ಕೆಎಸ್‌ಆರ್‌ಟಿಸಿ ಬಸ್ಸು. ಕರ್ನಾಟಕದ ನಿಗಮವು ಆ ಅಕ್ಷರಗಳನ್ನೂ ಗಂಡಭೇರುಂಡದ ಚಿತ್ರವನ್ನೂ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿದೆ. 1973ರ ನವೆಂಬರ್ 1ರಿಂದ ಬಳಕೆಯಲ್ಲಿದೆ ಎಂದು ದಾಖಲಾಗಿದೆ. ಅದೇ ಅಕ್ಷರ ಬಳಸುವ ಕೇರಳದ ನಿಗಮ ತಕರಾರು ತೆಗೆಯಿತು. ಮದ್ರಾಸ್ ಹೈಕೋರ್ಟ್‌ನಲ್ಲಿ ಕೇರಳದ ಅರ್ಜಿ ವಜಾ ಆದದ್ದು 2023ರ ಡಿಸೆಂಬರ್‌ನಲ್ಲಿ.

ನಮ್ಮ ಈರುಳ್ಳಿ ಹಕ್ಕಿಯ ಗತಿ? 1950ರ ಕಾಯ್ದೆ ರಾಜ್ಯ ಸರ್ಕಾರಗಳ ಲಾಂಛನವನ್ನಷ್ಟೇ ಅಲ್ಲ, ಅದರ ಅನುಕರಣೆಯನ್ನೂ ವ್ಯಾಪಾರಕ್ಕೆ ಬಳಸಬೇಡಿ ಎನ್ನುತ್ತದೆ. ಆ ಕಾಯ್ದೆ ಬೇಡ ಎಂದದ್ದನ್ನು 1999ರ ಟ್ರೇಡ್‌ಮಾರ್ಕ್ ಕಾಯ್ದೆ ನೋಂದಾಯಿಸುವುದಿಲ್ಲ. ಬಳ್ಳಿಗಾವಿಯ ಕಲ್ಲಿನ ಹಕ್ಕಿ ಎಲ್ಲರದ್ದು, ವಿಧಾನಸೌಧದ ಹಕ್ಕಿ ಸರ್ಕಾರದ್ದು ಎಂದು ನಮ್ಮ ತಂಡದ ಗೆಳತಿ ವಾದ ಮಾಡಿದಳು. ವಾದದಲ್ಲಿ ಹುರುಳಿದೆ. ಆದರೆ ನನಗೆ ಮತ್ತೆ ಯಾವ ಠಾಣೆಯ ಬೆಂಚೂ ಬೇಡವಾಗಿತ್ತು. ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ವ್ಯಕ್ತಿಗಳಿಗೆ, ಸ್ಟಾರ್ಟ್‌ಅಪ್‌ಗಳಿಗೆ 4,500 ರೂಪಾಯಿ ಶುಲ್ಕ. ನೋಂದಣಿಯಾದರೆ ಹತ್ತು ವರ್ಷ ನಮ್ಮದು. ಅಷ್ಟು ಹಣ ಕಟ್ಟಿ ತಿರಸ್ಕಾರದ ಪತ್ರ ತರಿಸಿಕೊಳ್ಳುವ ಶಕ್ತಿ ನಮಗಿಲ್ಲ.

ಕೊನೆಗೆ ಎರಡು ಮೊಳಕೆ ಬಂದಿರುವ ಒಂದು ಈರುಳ್ಳಿ ಬಿಡಿಸಿದೆವು. ದೂರದಿಂದ ನೋಡಿದರೆ ಎರಡು ಕೊಕ್ಕಿನ ಹಾಗೇ ಕಾಣುತ್ತದೆ, ಬೇಕೆಂದೇ ಹಾಗೆ ಮಾಡಿದ್ದು. ಮೊದಲ ಸ್ಟಿಕ್ಕರ್ ಕತ್ತರಿಸಿದ್ದು ಮಾವನ ಅಂಗಡಿಯಲ್ಲೇ.

ಅಧ್ಯಕ್ಷರು ಈ ನವೆಂಬರ್‌ನಲ್ಲಿ ಫ್ಲೆಕ್ಸ್ ಬೇರೆ ಕಡೆ ಮಾಡಿಸಿದರು. ಮಾವನಿಗೆ ಎಷ್ಟು ನಷ್ಟವಾಯಿತೋ ಅವರು ಹೇಳಿಲ್ಲ, ನಾನು ಕೇಳಿಲ್ಲ. ಹೋದ ವಾರ ಒಬ್ಬ ಹುಡುಗ ಬುಲೆಟ್ ತಂದು ನಿಲ್ಲಿಸಿ, ಪೆಟ್ರೋಲ್ ಟ್ಯಾಂಕ್ ಮೇಲೆ ಮೂರು ಸಿಂಹ ಬೇಕು ಅಂದ. ಮಾವ ನನ್ನ ಕಡೆ ತಿರುಗಿ, ‘ನೀನೇ ಹೇಳಪ್ಪ, ನೀನು ಓದಿದೀಯಲ್ಲ’ ಅಂದರು. ಹೇಳುತ್ತಾ ಹೋದೆ. ಅರ್ಧ ಕೇಳುವಷ್ಟರಲ್ಲಿ ಅವನು, ‘ಹೋಗ್ಲಿ ಬಿಡಿ ಬ್ರೋ, ಒಂದು ಹುಲಿನಾದ್ರೂ ಹಾಕಿ’ ಅಂದ. ಹುಲಿ ಹಾಕಿಕೊಟ್ಟೆ. ಇನ್ನೂರೈವತ್ತು ರೂಪಾಯಿ.